ಕೊಳವೆಬಾವಿಗೂ ಒಂದು ಖಾತೆಪುಸ್ತಕ

ಬೋರಿನ ನೀರು ಕಡಿಮೆಯಾದಾಗ ರೈತರು ಸಾಮಾನ್ಯವಾಗಿ ಪಂಪನ್ನು ಇನ್ನಷ್ಟು ಕೆಳಗಿಳಿಸುತ್ತಾರೆ, ಇಲ್ಲವೇ ಸಾಲ ಮಾಡಿ ಮತ್ತೊಂದು ಬೋರು ಕೊರೆಸುತ್ತಾರೆ. ಇವೆರಡಕ್ಕೂ ಮೊದಲು ಮಾಡಬೇಕಾದ, ಹೆಚ್ಚು ಖರ್ಚಿಲ್ಲದ ಕೆಲಸವೊಂದಿದೆ. ಅದು ನೀರಿನ ಮಟ್ಟವನ್ನು ಅಳೆದು ಬರೆದಿಡುವುದು.

ಗುಂಡ್ಲುಪೇಟೆ ತಾಲ್ಲೂಕಿನ ಬೇರಂಬಾಡಿ ಜಲಾನಯನ ಪ್ರದೇಶದ ವಿಸ್ತೀರ್ಣ ಸುಮಾರು 84 ಚದರ ಕಿ.ಮೀ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಫ್ರಾನ್ಸಿನ ಸಂಶೋಧನಾ ಸಂಸ್ಥೆಗಳೂ ಕೂಡಿ ಇಲ್ಲಿ ಅಂತರ್ಜಲದ ಅಧ್ಯಯನ ನಡೆಸಿವೆ. ಫ್ರಾನ್ಸಿನ ವಿದ್ಯಾರ್ಥಿಗಳೂ ಇಲ್ಲಿಗೆ ಬಂದು, ರೈತರನ್ನು ಕಂಡು ಮಾತನಾಡಿ, ಡಾಕ್ಟರೇಟ್ ಪದವಿಗೆ ಸಂಶೋಧನೆ ಮಾಡಿದ್ದಾರೆ. ಹಿಡುವಳಿಯ ಗಾತ್ರ ಮತ್ತು ಅಂತರ್ಜಲದ ಲಭ್ಯತೆ, ಇವೆರಡೇ ಅಲ್ಲಿನ ಬೇಸಾಯದ ಸ್ವರೂಪವನ್ನು ನಿರ್ಧರಿಸುತ್ತವೆಂದು 2017ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿತು. ಹೆಚ್ಚು ನೀರೆತ್ತಿದ ಊರುಗಳಲ್ಲಿ ಮಟ್ಟ ಬಹಳ ಆಳಕ್ಕಿಳಿದಿರುವುದೂ ಕಂಡುಬಂದಿದೆ.

ರೋಣ ಭಾಗದ ರೈತರು ಈ ಲೆಕ್ಕವನ್ನು ತಮ್ಮ ಹೊಲಕ್ಕೆ ಹೊಂದಿಸಿ ನೋಡಬಹುದು. ಒಂದು ಎಕರೆಯ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಸುಮಾರು 4,000 ಲೀಟರ್ ನೀರು. ವರ್ಷಕ್ಕೆ 600 ಮಿ.ಮೀ. ಮಳೆಯಾದರೆ 24 ಲಕ್ಷ ಲೀಟರ್. ಅದರಲ್ಲಿ ಹತ್ತನೇ ಒಂದು ಪಾಲು ಅಂತರ್ಜಲ ಸೇರಿತೆಂದು ಹಿಡಿಯೋಣ. ಎರೆಭೂಮಿಯಲ್ಲಿ ಇದಕ್ಕೂ ಕಡಿಮೆಯಾಗಬಹುದು. ಆಗ ದೊರೆತದ್ದು 2.4 ಲಕ್ಷ ಲೀಟರ್.

ಇನ್ನು ಖರ್ಚು. 200 ಲೀಟರಿನ ಡ್ರಮ್ಮು 50 ಸೆಕೆಂಡಿನಲ್ಲಿ ತುಂಬಿದರೆ ಪಂಪು ಗಂಟೆಗೆ 14,400 ಲೀಟರ್ ಎತ್ತುತ್ತದೆ. ಅಂದರೆ ಒಂದು ಎಕರೆಯ ಇಡೀ ವರ್ಷದ ಜಮೆ ಸುಮಾರು 17 ಗಂಟೆಯಲ್ಲಿ ಮುಗಿಯಿತು! ಅನಂತರ ಬರುವ ನೀರು ಹಿಂದಿನ ವರ್ಷಗಳ ಉಳಿತಾಯ, ಇಲ್ಲವೇ ನೆರೆಯವರ ಹೊಲದಡಿಯದು. ಕಡಲೆಗೆ 50 ಮಿ.ಮೀ.ನ ಒಂದು ರಕ್ಷಣಾತ್ಮಕ ನೀರು ಕೊಡಲು ಎಕರೆಗೆ 2 ಲಕ್ಷ ಲೀಟರ್ ಬೇಕು. ಒಂದು ಎಕರೆಯ ಜಮೆ ಅದಕ್ಕಷ್ಟೇ ಸಾಕು. ಪದೇ ಪದೇ ನೀರು ಬೇಡುವ ಉಳ್ಳಾಗಡ್ಡಿಗೆ ಎಷ್ಟು ಬೇಕೆಂಬುದನ್ನು ತಾವೇ ಊಹಿಸಬಹುದು.

ಅಳೆಯುವ ಕ್ರಮ:

1. ಪಂಪು ಇಳಿಸದ ಹಳೆಯ ಬೋರನ್ನು ಇಲ್ಲವೇ ತೆರೆದ ಬಾವಿಯನ್ನು ಆರಿಸಿಕೊಳ್ಳಿ. ಪಂಪಿರುವ ಬೋರಿನಲ್ಲಿ ಹಗ್ಗ ಸಿಕ್ಕಿಕೊಳ್ಳುವ ಭಯವಿರುತ್ತದೆ.

2. ಗಟ್ಟಿ ದಾರಕ್ಕೆ ಮೀಟರಿಗೊಂದು ಗುರುತು ಮಾಡಿ, ತುದಿಗೆ ಸಣ್ಣ ಕಬ್ಬಿಣದ ಗುಂಡು ಕಟ್ಟಿ ಇಳಿಬಿಡಿ. ಒದ್ದೆಯಾದ ಗುರುತಿನಿಂದ ನೆಲದವರೆಗಿನ ಅಳತೆಯೇ ನೀರಿನ ಆಳ.

3. ಎತ್ತುಗಳಿಗೆ ಬಿಡುವಿರುವ ಅಮಾವಾಸ್ಯೆಯ ದಿನ ಬೆಳಿಗ್ಗೆ ಅಳೆಯಿರಿ. ಹಿಂದಿನ ರಾತ್ರಿ ಸುತ್ತಲಿನ ಪಂಪುಗಳು ನಿಂತಿರಬೇಕು.

4. ತಾರೀಖು, ಆಳ, ಆ ತಿಂಗಳ ಮಳೆ ಈ ಮೂರನ್ನೂ ಬರೆಯಿರಿ. ಅಳೆದ ಮೇಲೆ ಬೋರಿನ ಬಾಯಿಯನ್ನು ಭದ್ರವಾಗಿ ಮುಚ್ಚಿ. ಇದು ಮಕ್ಕಳ ಜೀವದ ಪ್ರಶ್ನೆ.

ಮೇ ತಿಂಗಳ ಮಟ್ಟವನ್ನು ಹಿಂದಿನ ಮೇ ತಿಂಗಳಿನದರೊಡನೆಯೇ ಹೋಲಿಸಬೇಕು. ಸಾಧಾರಣ ಮಳೆಯಾದರೂ ಮಟ್ಟ ವರ್ಷ ವರ್ಷಕ್ಕೆ ಇಳಿಯುತ್ತಿದ್ದರೆ ಜಮೆಗಿಂತ ಖರ್ಚು ಹೆಚ್ಚಾಗಿದೆ ಎಂದೇ ಅರ್ಥ. ಅಂಥ ವರ್ಷ ಹೊಸ ಬೋರು ಕೊರೆಸಿದರೆ ನೀರು ಹೆಚ್ಚುವುದಿಲ್ಲ, ಸಾಲ ಹೆಚ್ಚುತ್ತದೆ. ಮಹಾನವಮಿ ಅಮಾವಾಸ್ಯೆಯ ಅಳತೆ ಹಿಂದಿನ ವರ್ಷಕ್ಕಿಂತ ಆಳವಾಗಿದ್ದರೆ ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬಿಯನ್ನೇ ಹೆಚ್ಚು ಬಿತ್ತುವುದು ಲೇಸು. ಒಡ್ಡು ಹಾಗೂ ಕೃಷಿಹೊಂಡಗಳಿಂದ ಹರಿದುಹೋಗುವ ನೀರನ್ನು ಹಿಡಿಯಬೇಕು.

ನೆಲದಡಿಯ ನೀರಿಗೆ ಬದುವಿಲ್ಲ. ಆದ್ದರಿಂದ ಒಬ್ಬರು ಬರೆದರೆ ಸಾಲದು. ಒಂದೇ ಹಳ್ಳದ ದಂಡೆಯ ಹತ್ತು ಮಂದಿ ಕೂಡಿ ಬರೆಯಬೇಕು. ಗ್ರಾಮ ಮಟ್ಟದ ಕಾರ್ಯಕರ್ತರು ಬರುವ ಅಮಾವಾಸ್ಯೆಯಂದೇ ಇದಕ್ಕೆ ಮೊದಲು ಮಾಡಿಸಲಿ.