ದೇಹರೂಪಕದಲ್ಲಿ ವೇದನೆಯ ಸ್ಥಾನ

ದೇಹವನ್ನು ಪರಮಾರ್ಥದ ಸಂಕೇತವಾಗಿ ಕಾಣುವ ಪರಿ ಕನ್ನಡದ ವಿದ್ಯಾರ್ಥಿಗಳಿಗೆ ಹೊಸದಲ್ಲ. ವಚನಕಾರರ ಪಾಲಿಗೆ ದೇಹ ದೇಗುಲವಾಯಿತು. ಷಟ್‌ಸ್ಥಲ ಸಿದ್ಧಾಂತದಲ್ಲಿ ಜೀವಾತ್ಮನಿಗೇ 'ಅಂಗ'ವೆಂಬ ಹೆಸರು ಬಂದಿತು. ಕ್ರೈಸ್ತ ಪರಂಪರೆಯಲ್ಲಿ ಈ ಸಂಕೇತದ ಮುಖ್ಯ ನೆಲೆ, ಸಂತ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 12ನೆಯ ಅಧ್ಯಾಯ. ಅಲ್ಲಿ ಭಕ್ತಸಮುದಾಯವೇ ಕ್ರಿಸ್ತನ ದೇಹ. ಭಕ್ತರು ಅದರ ಅವಯವಗಳು. ಈ ರೂಪಕವನ್ನು ಸಾಮಾನ್ಯವಾಗಿ ಸಾಮರಸ್ಯದ ಬೋಧೆಯೆಂದು ಓದಲಾಗುತ್ತದೆ. ಆದರೆ ಒಂದು ಅವಯವ ನೊಂದರೆ ಮಿಕ್ಕವೂ ನೋಯುತ್ತವೆ ಎಂಬ ವಿಚಾರವೇ ಅದರ ತಿರುಳು. ಇದನ್ನು ಶರೀರಶಾಸ್ತ್ರದ ಬೆಳಕಿನಲ್ಲಿ ವಿವರಿಸಿದವರು ಶಸ್ತ್ರವೈದ್ಯ ಪಾಲ್ ಬ್ರಾಂಡ್ (1914–2003).

ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಮಿಷನರಿ ದಂಪತಿಗಳ ಮಗನಾಗಿ ಜನಿಸಿದ ಬ್ರಾಂಡ್, 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜನ್ನು ಸೇರಿ ಕುಷ್ಠರೋಗಿಗಳ ಕೈಕಾಲುಗಳ ಶಸ್ತ್ರಚಿಕಿತ್ಸೆಯಲ್ಲಿ ತೊಡಗಿದರು. ಈ ರೋಗದಲ್ಲಿ ಮಾಂಸವು ತಾನಾಗಿ ಕೊಳೆತು ಬೀಳುತ್ತದೆಂಬ ನಂಬಿಕೆ ಆಗ ವ್ಯಾಪಕವಾಗಿತ್ತು. ಬ್ರಾಂಡ್ ಕಂಡ ಸತ್ಯ ಬೇರೆ. ರೋಗಾಣು ನರಗಳನ್ನು ಕೆಡಿಸುವುದರಿಂದ ನೋವಿನ ಅರಿವು ಅಳಿಯುತ್ತದೆ; ಬಿಸಿ ಪಾತ್ರೆ, ಮೊಳೆ, ಒತ್ತುವ ಪಾದರಕ್ಷೆ ಮಾಡಿದ ಗಾಯ ತಿಳಿಯದೆ ಬೆಳೆಯುತ್ತದೆ. ರಾತ್ರಿ ಇಲಿಗಳು ಬೆರಳನ್ನು ಕಡಿದರೂ ರೋಗಿಗಳು ಎಚ್ಚರಗೊಳ್ಳುತ್ತಿರಲಿಲ್ಲ. ಅದಕ್ಕೆ ಬೆಕ್ಕುಗಳನ್ನು ಸಾಕುವುದೇ ಪರಿಹಾರವಾಯಿತು.

ಫಿಲಿಪ್ ಯಾನ್ಸಿಯವರೊಡನೆ 1980ರಲ್ಲಿ ಪ್ರಕಟಿಸಿದ 'ಫಿಯರ್‌ಫುಲಿ ಆ್ಯಂಡ್ ವಂಡರ್‌ಫುಲಿ ಮೇಡ್' ಗ್ರಂಥದಲ್ಲಿ ಬ್ರಾಂಡ್ ಜೀವಕೋಶ, ಮೂಳೆ, ಚರ್ಮಗಳ ಕಾರ್ಯದಲ್ಲಿ ಪೌಲನ ರೂಪಕವನ್ನು ಅರಸಿದರು. ನೋವನ್ನು ಅವರು ದೇವರ ಕೊಡುಗೆಯೆಂದರು. ಈ ಮಾತಿಗೆ ಆಕ್ಷೇಪವುಂಟು. ಹಸಿದವನಿಗೆ, ತುಳಿತಕ್ಕೊಳಗಾದವನಿಗೆ ನೋವು ಕೊಡುಗೆಯೆನ್ನುವುದು ಕ್ರೌರ್ಯವಾಗಬಹುದು. ಆದರೆ ಬ್ರಾಂಡ್ ಯಾತನೆಯನ್ನು ಕೊಂಡಾಡಲಿಲ್ಲ. ಯಾತನೆಯನ್ನು ಅರಿಯುವ ಶಕ್ತಿಯನ್ನು ಗೌರವಿಸಿದರು. ಕುಷ್ಠವನ್ನು ಪಾಪದ ಪ್ರತೀಕವಾಗಿಸಿದ್ದ ಹಳೆಯ ಬೋಧನೆಯೂ ಇಲ್ಲಿ ತಲೆಕೆಳಗಾಗುತ್ತದೆ: ದೋಷ ರೋಗಿಯದಲ್ಲ, ಅವನ ನೋವು ತಟ್ಟದ ಸಮುದಾಯದ್ದು.

ಇನ್ನೊಂದು ಪ್ರಯೋಗ ಈ ಮಾತನ್ನು ಸ್ಪಷ್ಟಪಡಿಸುತ್ತದೆ. ಅಮೆರಿಕದ ಕಾರ್ವಿಲ್ ಆಸ್ಪತ್ರೆಯಲ್ಲಿ ಬ್ರಾಂಡ್ ತಂಡದವರು ಸಂವೇದನೆ ಕಳೆದುಕೊಂಡ ಕೈಗಳಿಗಾಗಿ ಕೃತಕ ಎಚ್ಚರಿಕೆಯ ವ್ಯವಸ್ಥೆಯನ್ನು ರೂಪಿಸಿದರು. ಒತ್ತಡ ಮಿತಿಮೀರಿದರೆ ಸದ್ದು ಕೇಳಿಸುತ್ತಿತ್ತು. ರೋಗಿಗಳು ಅದನ್ನು ಕೇಳಿಯೂ ಕೆಲಸ ಮುಂದುವರಿಸಿದರು. ವಿದ್ಯುತ್ ಆಘಾತವನ್ನು ಅಳವಡಿಸಿದಾಗ ಅದನ್ನೇ ಆರಿಸಿಬಿಟ್ಟರು. ನೋವಿನ ಸುದ್ದಿ ಬೇರೆ, ನೋವು ಬೇರೆ. ಸುದ್ದಿಯನ್ನು ಆರಿಸಬಹುದು.

'ವೇದನೆ' ಎಂಬ ಪದದ ಮೂಲವಾದ 'ವಿದ್' ಧಾತುವಿಗೆ ಅರಿಯುವುದೆಂದು ಅರ್ಥ. ಕನ್ನಡದ ಬಳಕೆಯಲ್ಲಿ ಆ ಅರಿವು ನೋವಾಗಿ ನಿಂತಿದೆ. 'ಸಂವೇದನೆ'ಯಲ್ಲಿ ನರದ ಗುಣವೂ ಕಾವ್ಯದ ಗುಣವೂ ಒಂದೇ ಮಾತಿನಲ್ಲಿ ಕೂಡಿವೆ. ಪೌಲನ ರೂಪಕವನ್ನು ನಮ್ಮ ಭಾಷೆಯಲ್ಲಿ ಓದುವವರಿಗೆ ಇದು ಪದದೊಳಗೇ ಅಡಗಿರುವ ವ್ಯಾಖ್ಯಾನ. ಪರರ ನೋವನ್ನು ತಿಳಿದಿರುವುದರಿಂದಲೇ ಯಾರೂ ಒಂದು ದೇಹದ ಅವಯವವಾಗುವುದಿಲ್ಲ. ಅದು ತನ್ನಲ್ಲಿ ನೋಯಬೇಕು.