ಕಾರ್ಯದರ್ಶಿಗೆ ಗೊತ್ತಿರುವುದು ಮಂಡಳಿಗೂ ಗೊತ್ತಿರಲಿ

ತಾಲೂಕು ಮಟ್ಟದಲ್ಲಿ ಒಳ್ಳೆಯ ಕೆಲಸ ಮಾಡುತ್ತಿದ್ದ ಕೆಲವು ಸ್ವಯಂಸೇವಾ ಸಂಸ್ಥೆಗಳು ಮುಚ್ಚಿದ್ದನ್ನು ಹತ್ತಿರದಿಂದ ನೋಡಿದ್ದೇನೆ. ಅನುದಾನ ನಿಂತಿತು, ಅದಕ್ಕೇ ಮುಚ್ಚಿದರು ಎಂದು ಊರವರು ಹೇಳುತ್ತಾರೆ. ಅನುದಾನ ನಿಲ್ಲಲಿದೆ ಎಂಬುದು ಕಾರ್ಯದರ್ಶಿಗೆ ತಿಂಗಳುಗಟ್ಟಲೆ ಮೊದಲೇ ಗೊತ್ತಿತ್ತು, ಆಡಳಿತ ಮಂಡಳಿಗೆ ಗೊತ್ತಾದದ್ದು ಸಂಬಳ ನಿಂತ ಮೇಲೆ. ಬಹಳ ಕಾಲ ಕಾರ್ಯದರ್ಶಿಯಾಗಿ ಸಭೆಗೆ ಕಾಗದ ಸಿದ್ಧಮಾಡಿದವಳು ನಾನು. ಈಗ ಬೇರೆ ಸಂಸ್ಥೆಗಳ ಮಂಡಳಿಯಲ್ಲಿ ಕೂತು ಅಂಥ ಕಾಗದಗಳನ್ನು ಓದುತ್ತೇನೆ. ಕಲಿತದ್ದನ್ನೆಲ್ಲ ಒಂದೇ ಮಾತಲ್ಲಿ ಹೇಳು ಎಂದರೆ ಈ ಲೇಖನದ ತಲೆಬರಹವನ್ನೇ ಹೇಳುತ್ತೇನೆ. ಬಿಡಿಸಿ ಹೇಳಬೇಕಾದ್ದು ಹೀಗಿದೆ.

1. ಬಿಡುವಿರುವವರನ್ನು ಕರೆಯಿರಿ

ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಸಂಘ ಕಟ್ಟಲು ಕನಿಷ್ಠ ಏಳು ಜನ ಬೇಕು. ಆ ಏಳು ಜನ ಹೇಗೆ ಕೂಡುತ್ತಾರೆಂಬುದು ಈ ಕ್ಷೇತ್ರದ ಎಲ್ಲರಿಗೂ ಗೊತ್ತು. ಕಟ್ಟಿದವರು, ಅವರ ಹೆಂಡತಿ ಅಥವಾ ಗಂಡ, ಭಾವಮೈದುನ, ಕಾಲೇಜಿನ ಗೆಳೆಯರು, ಲೆಟರ್‌ಹೆಡ್ಡಿಗೆ ತೂಕ ಬರಲೆಂದು ಒಬ್ಬ ದೊಡ್ಡ ಮನುಷ್ಯರು. ಆರಂಭಕ್ಕೆ ಇದು ತಪ್ಪಲ್ಲ, ನಂಬಿಕೆ ಇರುವವರೇ ತಾನೆ ಮೊದಲು ಜೊತೆಗೆ ನಿಲ್ಲುವುದು. ಹತ್ತು ವರ್ಷದ ಮೇಲೂ ಅದೇ ಏಳು ಜನ ಇದ್ದರೆ ಮಾತ್ರ ಕಷ್ಟ. ಬಂಧುಗಳು ಬಂಧುಗಳನ್ನು ಲೆಕ್ಕ ಕೇಳುವುದಿಲ್ಲ. ಸಂಸ್ಥೆಯ ಹಣದಿಂದ ಕಟ್ಟಿದವರಿಗೋ ಅವರ ಕುಟುಂಬಕ್ಕೋ ಅನುಚಿತ ಲಾಭವಾದರೆ ಆದಾಯ ತೆರಿಗೆ ವಿನಾಯಿತಿಗೇ ಕುತ್ತು ಬರುತ್ತದೆ ಎಂಬುದು ಆ ಮನೆಯೊಳಗೆ ಚರ್ಚೆಗೇ ಬರುವುದಿಲ್ಲ.

ನಾನು ಕಂಡ ಮಂಡಳಿ ಸದಸ್ಯರಲ್ಲಿ ಹೆಚ್ಚು ಉಪಕಾರವಾದದ್ದು ಹೆಸರುವಾಸಿಗಳಿಂದಲ್ಲ. ನಿವೃತ್ತ ಗ್ರಾಮೀಣ ಬ್ಯಾಂಕ್ ಮ್ಯಾನೇಜರು, ಹೈಸ್ಕೂಲಿನ ಮುಖ್ಯೋಪಾಧ್ಯಾಯಿನಿ, ಸ್ವಸಹಾಯ ಸಂಘದ ಒಕ್ಕೂಟ ನಡೆಸಿ ಪಳಗಿದ ಹೆಣ್ಣುಮಗಳು ಇಂಥವರು ಬರುತ್ತಾರೆ, ಓದುತ್ತಾರೆ, ಕೇಳುತ್ತಾರೆ. ಕರೆಯುವಾಗಲೇ ವರ್ಷಕ್ಕೆ ಎಷ್ಟು ಸಭೆ, ಎಷ್ಟು ಓದು, ಯಾವ ಹಳ್ಳಿಗೆ ಹೋಗಬೇಕು ಎಂದು ಬರೆದು ಕೊಡಿ. "ನಿಮ್ಮ ಹೆಸರಿದ್ದರೆ ಸಾಕು ಸರ್" ಎಂದು ಕರೆದವರಿಂದ ಹೆಸರಷ್ಟೇ ಸಿಗುತ್ತದೆ.

2. ಲೆಕ್ಕ ಕನ್ನಡದಲ್ಲಿ, ಒಂದೇ ಹಾಳೆಯಲ್ಲಿ

ಇದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ. ಆಡಿಟರು ಕೊಡುವ ಅಢಾವೆ ಪತ್ರಿಕೆ ಇಂಗ್ಲಿಷಿನಲ್ಲಿರುತ್ತದೆ. ಸಭೆಯ ದಿನ ಚಹಾ ಲೋಟದ ಪಕ್ಕ ಅದನ್ನಿಟ್ಟು "ಎಲ್ಲ ಸರಿಯಾಗಿದೆ, ಸಹಿ ಮಾಡಿ" ಎನ್ನುವುದು ರೂಢಿ. ಹತ್ತಾರು ಸಂಘಗಳ ಸಾಲದ ಲೆಕ್ಕವನ್ನು ಬಾಯಲ್ಲೇ ಹೇಳಬಲ್ಲ ಒಕ್ಕೂಟದ ಅಧ್ಯಕ್ಷೆ ಆ ಪುಟಗಳ ಮುಂದೆ ಸುಮ್ಮನೆ ಕೂರುತ್ತಾರೆ. ನಾವು ಆ ಮೌನವನ್ನು ಒಪ್ಪಿಗೆ ಎಂದು ನಡಾವಳಿಯಲ್ಲಿ ಬರೆದುಕೊಳ್ಳುತ್ತೇವೆ.

ಸಭೆಗೆ ಹತ್ತು ದಿನ ಮೊದಲು ಒಂದು ಹಾಳೆ ಎಲ್ಲರ ಮನೆ ತಲುಪಬೇಕು. ಅದರಲ್ಲಿ ಈ ಪ್ರಶ್ನೆಗಳಿಗೆ ಉತ್ತರವಿರಲಿ: ಬ್ಯಾಂಕಿನಲ್ಲಿ ಇವತ್ತು ಎಷ್ಟಿದೆ? ಅದರಲ್ಲಿ ದಾನಿಗಳು ಇಂಥದ್ದಕ್ಕೇ ಎಂದು ಕೊಟ್ಟದ್ದೆಷ್ಟು, ನಮ್ಮದೇ ಎನ್ನಬಹುದಾದದ್ದೆಷ್ಟು? ಹೊಸದಾಗಿ ಏನೂ ಬರದಿದ್ದರೆ ಎಷ್ಟು ತಿಂಗಳು ಸಂಬಳ ಕೊಡಬಹುದು? ಯಾರಿಗೆ ಹಣಬಳಕೆ ಪ್ರಮಾಣಪತ್ರ ಕೊಡುವುದು ಬಾಕಿ ಇದೆ?

ಎರಡನೆಯ ಪ್ರಶ್ನೆಯಲ್ಲೇ ಸಂಸ್ಥೆಗಳು ಎಡವುವುದು. ಖಾತೆಯಲ್ಲಿ 22 ಲಕ್ಷ ಇದೆ ಅಂದುಕೊಳ್ಳಿ. ಅದರಲ್ಲಿ 20 ಲಕ್ಷ ಶೌಚಾಲಯ ಕಟ್ಟಿಸಲು ಬಂದದ್ದು. ಶಾಲೆಯ ಪ್ರಾಜೆಕ್ಟಿನವರ ಕಂತು ತಡವಾಯಿತೆಂದು ಶೌಚಾಲಯದ ದುಡ್ಡಿನಲ್ಲಿ ಶಿಕ್ಷಕಿಯರ ಸಂಬಳ ಕೊಡುತ್ತೇವೆ, ಮುಂದಿನ ತಿಂಗಳು ಸರಿಹೊಂದಿಸಿದರಾಯಿತು ಎಂದುಕೊಳ್ಳುತ್ತೇವೆ. ಶಾಲೆಯ ಕಂತು ಬರುವುದೇ ಇಲ್ಲ. ಯಾರೂ ಒಂದು ರೂಪಾಯಿ ಮನೆಗೆ ಒಯ್ದಿರುವುದಿಲ್ಲ, ಆದರೂ ಶೌಚಾಲಯದ ದಾನಿಯ ಎದುರು ಸಂಸ್ಥೆ ತಲೆ ತಗ್ಗಿಸಬೇಕಾಗುತ್ತದೆ. ಈ ಎರಡು ಅಂಕಿ ಪ್ರತಿ ಸಭೆಯಲ್ಲೂ ಬೇರೆ ಬೇರೆಯಾಗಿ ಕಣ್ಣಿಗೆ ಬಿದ್ದಿದ್ದರೆ ಮೊದಲ ತಿಂಗಳೇ ಯಾರಾದರೂ ಕೇಳುತ್ತಿದ್ದರು. ಆ ಹಾಳೆ ಶುರುವಾದ ಒಂದು ಸಂಸ್ಥೆಯಲ್ಲಿ ಮೊದಲ ಪ್ರಶ್ನೆ ಬಂದದ್ದು ಒಕ್ಕೂಟದ ಅಕ್ಕನಿಂದಲೇ: "ಮೇಡಂ, ಈ ದುಡ್ಡು ಕೊಟ್ಟೋರಿಗೆ ನಾವು ಹಿಂಗ್ ಬಳಸಿದ್ದು ಗೊತ್ತೈತಾ?" ದೊಡ್ಡ ಕಂಪನಿಯ ಆಡಿಟ್ ಸಮಿತಿ ಕೇಳಬೇಕಾದ ಪ್ರಶ್ನೆಯೂ ಇದೇ.

3. ಕೆಟ್ಟ ಸುದ್ದಿ ಮೊದಲ ವಿಷಯವಾಗಲಿ

2020ರ ಸೆಪ್ಟೆಂಬರಿನಲ್ಲಿ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಗೆ ತಿದ್ದುಪಡಿ ಬಂತು. ವಿದೇಶಿ ಹಣ ಪಡೆದ ಒಂದು ಸಂಸ್ಥೆ ಅದನ್ನು ಇನ್ನೊಂದಕ್ಕೆ ವರ್ಗಾಯಿಸುವಂತಿಲ್ಲ ಎಂದಾಯಿತು. ಆಡಳಿತ ವೆಚ್ಚದ ಮಿತಿ ಶೇ. 50ರಿಂದ ಶೇ. 20ಕ್ಕೆ ಇಳಿಯಿತು. ವಿದೇಶಿ ಹಣವೆಲ್ಲ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕಾಯಿತು. ಬೆಂಗಳೂರಿನ ದೊಡ್ಡ ಸಂಸ್ಥೆಗಳ ಮೂಲಕ ಹಣ ಪಡೆಯುತ್ತಿದ್ದ ಸಣ್ಣ ಸಂಸ್ಥೆಗಳಿಗೆ ಬಿದ್ದ ಪೆಟ್ಟು ಜೋರಾಗಿತ್ತು, ಅದೂ ಕೋವಿಡ್ ನಡುವೆ. ಆ ವಾರವೇ ಫೋನಿನಲ್ಲಿ ಸಭೆ ಸೇರಿಸಿ "ನಮ್ಮ ಹಣದಲ್ಲಿ ಇಷ್ಟು ಪಾಲು ನಿಲ್ಲುತ್ತದೆ" ಎಂದು ಹೇಳಿದ ಕಾರ್ಯದರ್ಶಿಗಳನ್ನು ಬಲ್ಲೆ. ಅವರ ಮಂಡಳಿಗಳು ಊರಿನ ದಾನಿಗಳ ಮನೆ ಬಾಗಿಲಿಗೆ ಹೋದವು, ಕೆಲವು ಕೆಲಸ ಕೈಬಿಟ್ಟವು, ಉಳಿದವರ ಸಂಬಳ ಉಳಿಸಿದವು. ಹೇಗೋ ಸರಿಹೋಗುತ್ತದೆ ಎಂದು ಹೊಟ್ಟೆಯಲ್ಲೇ ಇಟ್ಟುಕೊಂಡವರು ಕೊನೆಗೆ ಎಲ್ಲವನ್ನೂ ಒಬ್ಬರೇ ಹೊತ್ತರು.

ಕೆಟ್ಟ ಸುದ್ದಿಗೆ ಕಿವಿಗೊಟ್ಟರೆ ಏನಾಗಬಹುದು ಎಂಬುದಕ್ಕೆ ನಮ್ಮ ನಾಡಿನದೇ ಉದಾಹರಣೆ ಇದೆ. ಟಿಬೆಟನ್ ನಿರಾಶ್ರಿತರ ಪುನರ್ವಸತಿಗೆಂದು 1968ರಲ್ಲಿ ಹುಟ್ಟಿದ ಮೈರಾಡಾ ಮುಂದೆ ಗ್ರಾಮಾಭಿವೃದ್ಧಿಗೆ ಇಳಿಯಿತು. 1984–85ರ ಹೊತ್ತಿಗೆ ಅದು ನೆರವಾಗಿದ್ದ ಕೆಲವು ಸಹಕಾರ ಸಂಘಗಳು ಮುರಿದುಬಿದ್ದವು. ನಾಯಕರ ಮೇಲೆ ಸದಸ್ಯರಿಗೆ ನಂಬಿಕೆ ಹೋಗಿತ್ತು. ಜನ ಚಿಕ್ಕ ಚಿಕ್ಕ ಗುಂಪಾಗಿ ಬಂದು, ಸಾಲವನ್ನು ನಿಮಗೆ ತೀರಿಸುತ್ತೇವೆ, ಆ ಸಂಘಕ್ಕೆ ಕೊಡೆವು ಎಂದರು. ಸಂಸ್ಥೆ ಅದನ್ನು ಮುಚ್ಚಿಡಲಿಲ್ಲ. ಆ ಗುಂಪುಗಳೇ ಸ್ವಸಹಾಯ ಸಂಘಗಳಾದವು. 1987ರಲ್ಲಿ ನಬಾರ್ಡ್ 10 ಲಕ್ಷ ರೂಪಾಯಿ ಕೊಟ್ಟಿತು, 1992ರಲ್ಲಿ ಬ್ಯಾಂಕ್ ಜೋಡಣೆಯ ಪ್ರಾಯೋಗಿಕ ಯೋಜನೆ ದೇಶದ ಮಟ್ಟಕ್ಕೇರಿತು. ಇವತ್ತು ಊರೂರಿನಲ್ಲಿರುವ ಸಂಘಗಳ ಒಂದು ಮುಖ್ಯ ಬೇರು ಆ ಸೋಲಿನಲ್ಲಿದೆ. ವಾರ್ಷಿಕ ವರದಿಯಲ್ಲಿ ಬರೀ ಯಶೋಗಾಥೆ ತುಂಬುವವರು ಇದನ್ನು ನೆನೆಯಬೇಕು.

4. ಅಧ್ಯಕ್ಷರು ಕೊನೆಗೆ ಮಾತಾಡಲಿ

ನಮ್ಮಲ್ಲಿ ಹಿರಿಯರ ಎದುರು ಎದುರಾಡುವುದು ಸಂಸ್ಕಾರವಲ್ಲ. ಅಧ್ಯಕ್ಷರು ಮಠದ ಸ್ವಾಮೀಜಿಯೋ, ಎಲ್ಲರಿಗೂ ಪಾಠ ಹೇಳಿದ ಮೇಷ್ಟ್ರೋ ಆಗಿದ್ದರೆ ಅವರು ಒಮ್ಮೆ ಅಭಿಪ್ರಾಯ ಹೇಳಿದ ಮೇಲೆ ಉಳಿದವರೆಲ್ಲ "ಹೌದು, ಹಾಗೇ ಮಾಡೋಣ". ಅವರ ಗೌರವಕ್ಕೆ ಧಕ್ಕೆಯಾಗದಂತೆ ಇದನ್ನು ಸರಿಮಾಡಲು ಒಂದೇ ದಾರಿ ಕಂಡಿದ್ದೇನೆ. ಎಲ್ಲರಿಗಿಂತ ಕಿರಿಯರಿಂದ ಮಾತು ಶುರುವಾಗಿ ಅಧ್ಯಕ್ಷರ ಮಾತಿನಲ್ಲಿ ಮುಗಿಯಬೇಕು. ಅಧ್ಯಕ್ಷರನ್ನು ಮೊದಲೇ ಹೋಗಿ ಕೇಳಿಕೊಳ್ಳಿ, ಬಹುತೇಕ ಹಿರಿಯರು ಸಂತೋಷದಿಂದ ಒಪ್ಪುತ್ತಾರೆ. ಯಾರೂ ಮಾತಾಡದ ದೊಡ್ಡ ವಿಷಯವನ್ನು ಆ ದಿನ ತೀರ್ಮಾನಿಸದೆ ಮುಂದಿನ ಸಭೆಗೆ ಇಡಿ.

5. ನಡಾವಳಿ ಪುಸ್ತಕ ಅವತ್ತೇ

ಮನೆಮನೆಗೆ ಕಳಿಸಿ ಸಹಿ ಹಾಕಿಸಿದ ಸಭೆ ಸಭೆಯಲ್ಲ. ವಾರ್ಷಿಕ ಮಹಾಸಭೆಯಾದ 14 ದಿನದೊಳಗೆ ಮಂಡಳಿ ಸದಸ್ಯರ ಪಟ್ಟಿಯನ್ನೂ ಆಡಿಟ್ ಆದ ಲೆಕ್ಕವನ್ನೂ ಸಂಘಗಳ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಇದನ್ನು ವರ್ಷಗಟ್ಟಲೆ ಬಿಟ್ಟವರಿಗೆ ಅದರ ಬಿಸಿ ತಟ್ಟುವುದು ಬ್ಯಾಂಕಿನಲ್ಲಿ ಸಹಿದಾರರನ್ನು ಬದಲಿಸಬೇಕಾದಾಗ. ಬ್ಯಾಂಕಿನವರು ದೃಢೀಕೃತ ಪಟ್ಟಿ ಕೇಳುತ್ತಾರೆ. ಭಿನ್ನಾಭಿಪ್ರಾಯವನ್ನೂ ಹೇಳಿದವರ ಹೆಸರಿನೊಂದಿಗೆ ಬರೆಯಿರಿ.

6. ಖಾಲಿ ಚೆಕ್ಕಿಗೆ ಸಹಿ ಬೇಡ

ಖಜಾಂಚಿ ಬೆಂಗಳೂರಿನಲ್ಲಿದ್ದಾರೆ, ಬರುವುದು ಕಷ್ಟ ಎಂದರೆ ಖಜಾಂಚಿಯನ್ನು ಬದಲಿಸಿ.

7. ಮಂಡಳಿ ಹಳ್ಳಿಗೆ ಹೋಗಲಿ, ಕಾರ್ಯದರ್ಶಿಯನ್ನು ಬಿಟ್ಟು

ವರ್ಷಕ್ಕೊಮ್ಮೆಯಾದರೂ ಇಬ್ಬಿಬ್ಬರು ಸದಸ್ಯರು ಅಂಗನವಾಡಿ ಕಟ್ಟೆಯ ಮೇಲೋ ಗುಡಿಯ ಜಗುಲಿಯಲ್ಲೋ ಕೂತು ಜನರೊಡನೆ ಮಾತಾಡಬೇಕು. ಹಾರ, ಸ್ವಾಗತಗೀತೆ ಬೇಡ. ಸಂಜೆ ಕ್ಷೇತ್ರ ಕಾರ್ಯಕರ್ತರ ಜೊತೆಗೂ ಹೊತ್ತು ಕಳೆಯಬೇಕು. ಪೆಟ್ರೋಲ್ ಭತ್ಯೆ ಎಷ್ಟು ತಿಂಗಳಿಂದ ಬಂದಿಲ್ಲ, ಯಾವ ಅಂಕಿ ಅಂಶ ಕಚೇರಿಯಲ್ಲೇ ಕೂತು ತುಂಬಿದ್ದು ಎಂಬುದು ಅಲ್ಲಿ ತಿಳಿಯುತ್ತದೆ. ಇದರಿಂದ ಕಾರ್ಯದರ್ಶಿಯ ಮೇಲೆ ಅಪನಂಬಿಕೆ ಬರುತ್ತದೆಂಬ ಭಯ ಸಹಜ. ಅವರ ಕಷ್ಟವೂ ಮಂಡಳಿಗೆ ಅಲ್ಲಿಯೇ ಅರ್ಥವಾಗುವುದನ್ನು ಕಂಡಿದ್ದೇನೆ.

8. ಬಿಟ್ಟುಕೊಡುವ ಸಿದ್ಧತೆ ಬೇಗ ಶುರುವಾಗಲಿ

ಸದಸ್ಯತ್ವಕ್ಕೆ ಅವಧಿ ಇರಲಿ, ಬೈಲಾದಲ್ಲೇ ಬರೆಯಿರಿ. ಮೂರು ವರ್ಷದ ಎರಡು ಅವಧಿ, ಆಮೇಲೆ ಒಂದು ಅವಧಿ ಹೊರಗೆ ಎಂಬುದು ನಾನು ಕಂಡ ಸಂಸ್ಥೆಗಳಲ್ಲಿ ಚೆನ್ನಾಗಿ ನಡೆದಿದೆ. ಎಲ್ಲರೂ ಒಟ್ಟಿಗೆ ಹೋಗದಂತೆ ವರ್ಷಕ್ಕೆ ಮೂರನೇ ಒಂದು ಭಾಗ ಬದಲಾಗಲಿ.

ಕಾರ್ಯದರ್ಶಿ ಬದಲಾಗುವುದು ಇನ್ನೂ ಕಠಿಣ. ತೆರಿಗೆ ವಿನಾಯಿತಿಯ 12ಎ, 80ಜಿ ನೋಂದಣಿ ಒಮ್ಮೆ ಸಿಕ್ಕರೆ ಕಾಯಂ ಎಂಬ ಕಾಲ 2021ರಲ್ಲೇ ಮುಗಿದಿದೆ, ಈಗ ಅವಧಿ ಮುಗಿಯುವ ಮುನ್ನ ನವೀಕರಿಸಬೇಕು. ಆ ದಿನಾಂಕ, ಆದಾಯ ತೆರಿಗೆ ಪೋರ್ಟಲಿನ ಪಾಸ್‌ವರ್ಡು, ಡಿಜಿಟಲ್ ಸಹಿ, ದರ್ಪಣ ಪೋರ್ಟಲಿನ ಖಾತೆ, ಜಾಗದ ಮೂಲಪತ್ರ, ನಬಾರ್ಡಿನ ಯಾವ ಅಧಿಕಾರಿಗೆ ಯಾವ ಕಡತ ಗೊತ್ತು ಎಂಬ ತಿಳಿವಳಿಕೆ ಎಲ್ಲವೂ ಒಬ್ಬರ ಫೋನಿನಲ್ಲಿ, ಒಬ್ಬರ ತಲೆಯಲ್ಲಿ ಇರುತ್ತವೆ. ಇವುಗಳ ಪಟ್ಟಿ ಮಾಡಿ ಅಧ್ಯಕ್ಷರ ಬಳಿ ಒಂದು ಪ್ರತಿ ಇಡಿ, ಆರು ತಿಂಗಳಿಗೊಮ್ಮೆ ತಿದ್ದಿ. ಮುಂದೆ ಹೊಣೆ ಹೊರಬೇಕಾದವರನ್ನು ಎರಡು ವರ್ಷ ಮೊದಲಿಂದಲೇ ದಾನಿಗಳ ಭೇಟಿಗೆ ಜೊತೆಗೆ ಕರೆದೊಯ್ಯಿರಿ, ಮಾತು ಅವರಿಂದಲೇ ಆಡಿಸಿ. ಹೊಸಬರು ಬಂದ ಮೇಲೆ ಹಳಬರು ಕಚೇರಿಯ ಕುರ್ಚಿಯನ್ನೂ ಕೋಣೆಯನ್ನೂ ಬಿಡಬೇಕು. ಮೊದಲ ಆರು ತಿಂಗಳು ಹೊಸ ಕಾರ್ಯದರ್ಶಿ ಕರೆದಾಗ ಹೋಗಿ, ಕೇಳಿದ್ದಕ್ಕೆ ಉತ್ತರ ಹೇಳಿ, ಸಿಬ್ಬಂದಿ ಹಳೆಯ ಸಲುಗೆಯಿಂದ ಮನೆಗೆ ದೂರು ತಂದರೆ ಊಟ ಹಾಕಿ ಹೊಸ ಕಾರ್ಯದರ್ಶಿಯ ಬಳಿಗೇ ಕಳಿಸಿಕೊಡಿ.