ನಿನ್ನ ಮನೆಯಲ್ಲಿ ಏನಿದೆ?



ಸಂಘದ ಸಭೆಯನ್ನು ನಾವು ಪ್ರಾರ್ಥನೆಯಿಂದಲೇ ಶುರು ಮಾಡುತ್ತೇವೆ. ಆದರೆ ಕಂತು ಕಟ್ಟಲಾಗದೆ, ವಸೂಲಿಯವರು ಬಾಗಿಲಿಗೆ ಬಂದು ನಿಂತ ದಿನ ಮಾಡುವ ಪ್ರಾರ್ಥನೆಯೇ ಬೇರೆ. ಅಲ್ಲಿ ಹಾಡಿಲ್ಲ, ಪುಸ್ತಕವಿಲ್ಲ. 'ದೇವರೇ, ಇನ್ನು ನನ್ನ ಕೈಲಾಗಲ್ಲ' ಅನ್ನೋದಷ್ಟೇ. ಅದೂ ಪ್ರಾರ್ಥನೆಯೇ.

ಬೈಬಲಿನ ಅರಸುಗಳ ಎರಡನೆಯ ಗ್ರಂಥದ 4ನೇ ಅಧ್ಯಾಯದಲ್ಲಿ ಒಬ್ಬ ವಿಧವೆಯ ಕಥೆಯಿದೆ. ಗಂಡ ತೀರಿಹೋಗಿದ್ದಾನೆ, ಸಾಲ ಉಳಿದಿದೆ. ಸಾಲ ಕೊಟ್ಟವನು ಅವಳ ಇಬ್ಬರು ಗಂಡುಮಕ್ಕಳನ್ನೇ ಜೀತಕ್ಕೆ ಒಯ್ಯಲು ಬಂದಿದ್ದಾನೆ. ಅವಳು ಪ್ರವಾದಿ ಎಲೀಷನ ಹತ್ತಿರ ಹೋಗಿ ಗೋಳಾಡುತ್ತಾಳೆ. ಅವನು ಬರೀ ಸಮಾಧಾನ ಹೇಳಿ ಕಳಿಸಲಿಲ್ಲ. ಮನೆಯಲ್ಲಿ ಏನಿದೆ ಎಂದು ಕೇಳಿದ. ಸ್ವಲ್ಪ ಎಣ್ಣೆ ಬಿಟ್ಟರೆ ಏನೂ ಇರಲಿಲ್ಲ. ನೆರೆಯವರಿಂದ ಖಾಲಿ ಪಾತ್ರೆಗಳನ್ನು ತರಲು ಹೇಳಿದ, ಅದೂ ಬೇಕಾದಷ್ಟು. ತಾಯಿ ಮಕ್ಕಳು ಬಾಗಿಲು ಮುಚ್ಚಿಕೊಂಡು ಸುರಿದರು, ಪಾತ್ರೆಗಳು ತುಂಬುತ್ತಲೇ ಹೋದವು. ಪಾತ್ರೆ ಮುಗಿದಾಗ ಎಣ್ಣೆಯೂ ನಿಂತಿತು. ಅದನ್ನು ಮಾರಿ ಸಾಲ ತೀರಿಸಿ, ಉಳಿದದ್ದರಲ್ಲಿ ಜೀವನ ಮಾಡಲು ಎಲೀಷ ತಿಳಿಸಿದ.

ಪವಾಡ ದೇವರದ್ದು, ನಿಜ. ಆದರೆ ಪಾತ್ರೆ ಕೇಳಲು ನೆರೆಮನೆಗೆ ಹೋದವಳು ಅವಳೇ. ನಮ್ಮ ಹೆಂಗಸರಿಗೆ ಕಷ್ಟವಾಗೋದು ಇಲ್ಲೇ. ಮರ್ಯಾದೆ ಹೋಗುತ್ತೆ ಅಂತ ಎಷ್ಟೋ ಮಂದಿ ಸಾಲದ ವಿಷಯ ಗಂಡನಿಗೂ ಹೇಳಲ್ಲ, ಸಂಘದಲ್ಲೂ ಹೇಳಲ್ಲ. ಒಂದು ಕಂತು ತುಂಬಲು ಇನ್ನೊಂದು ಕಡೆ ಸಾಲ ಎತ್ತುತ್ತಾರೆ. ಹರಕೆ ತೀರಿಸಲು ಸಾಲ ಮಾಡುವವರೂ ಇದ್ದಾರೆ, ದೇವರೇನೂ ಅದನ್ನು ಕೇಳಿಲ್ಲ! ದೇವರ ಮುಂದೆ ಹೇಳಿಕೊಂಡದ್ದನ್ನು ಪಕ್ಕದಲ್ಲಿ ಕೂತ ಅಕ್ಕನಿಗೂ ಹೇಳೋಣ.

ಹೇಳಿದರೆ, ಯಾರಿಗೆ ಎಷ್ಟು ಕೊಡಬೇಕು, ಬಡ್ಡಿ ಎಷ್ಟು ಎಂದು ಎಲ್ಲರೂ ಕೂತು ಬರೆಯಬಹುದು. ರಿಸರ್ವ್ ಬ್ಯಾಂಕ್ 2022ರಲ್ಲಿ ತಂದ ನಿಯಮದಂತೆ, ಕಿರುಸಾಲ ವಸೂಲಿಗೆ ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ. ಬೆದರಿಸುವಂತಿಲ್ಲ, ಬೈಯುವಂತಿಲ್ಲ, ನೆಂಟರಿಷ್ಟರನ್ನು ಕಾಡುವಂತಿಲ್ಲ. ಇದು ಗೊತ್ತಿರುವ ನಾಲ್ಕು ಹೆಂಗಸರು ಜೊತೆಗೆ ನಿಂತರೆ ಬಾಗಿಲಲ್ಲಿರುವವರ ದನಿಯೂ ತಗ್ಗುತ್ತದೆ.

ಸಾಯುವ ಯೋಚನೆ ಬಂದರೆ ಮಾತ್ರ ಮುಂದಿನ ಸಭೆಯವರೆಗೆ ಕಾಯಬೇಡಿ. ಜಪಸರ ಹಿಡಿದು ಒಬ್ಬರೇ ಕೂರುವುದೂ ಬೇಡ, ಯಾರನ್ನಾದರೂ ಕೂಗಿ. ಸರಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಈ ವಾರದ ಚರ್ಚೆಗೆ: ಆ ವಿಧವೆ ನಮ್ಮ ಬೀದಿಯವಳಾಗಿದ್ದರೆ, ಪಾತ್ರೆ ಕೇಳಲು ಮೊದಲು ಯಾರ ಮನೆಗೆ ಹೋಗುತ್ತಿದ್ದಳು?